ಕೊಟ್ಟ ಮೇಲೆ ಕೇಳುವುದು ತಪ್ಪೆ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಮಾತು ಒಳ್ಳೆಯದೆ. ಆದರೆ ಅದನ್ನು ಹೇಳಿದ್ದು ಯಾರಿಗೆ? ಕೊಡುವವನಿಗೆ. ಕೊಟ್ಟೆನೆಂದು ಡಂಗುರ ಸಾರಬೇಡ ಎಂಬುದಷ್ಟೆ ಅದರ ತಾತ್ಪರ್ಯ. ನಮ್ಮಿಂದ ಹಣ ಪಡೆದು ಕಷ್ಟದಲ್ಲಿರುವವರಿಗೆ ತಲುಪಿಸುತ್ತೇವೆಂದು ಒಪ್ಪಿಕೊಂಡವರು ಲೆಕ್ಕವನ್ನು ಮುಚ್ಚಿಡಬಹುದೆಂದು ಅದಕ್ಕೆ ಅರ್ಥ ಹಚ್ಚಲಾಗದು.

ಈ ಭೇದ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಒಬ್ಬ ಹುಡುಗನಿಂದ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆ ಸುರಿದು ಗುಡ್ಡಗಳು ಕುಸಿದಾಗ ನಾನು ತರಗತಿಗಳಲ್ಲಿ ಡಬ್ಬಿ ಹಿಡಿದು ಹಣ ಕೂಡಿಸಿ, ಒಂದು ಸಂಘದವರ ಕೈಗೆ ಒಪ್ಪಿಸಿದೆ. ರಶೀದಿ ಕೇಳಲು ಸಂಕೋಚವಾಯಿತು. ಎರಡು ತಿಂಗಳು ಕಳೆದ ಮೇಲೆ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ದುಡ್ಡಿನಲ್ಲಿ ಅವರಿಗೆ ಏನು ತೆಗೆದುಕೊಟ್ಟರು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸಂಘಕ್ಕೆ ಕಾಗದ ಬರೆದೆ. ವಂದನೆಗಳು ಬಂದವು, ಲೆಕ್ಕ ಬರಲಿಲ್ಲ. ಅವರು ಹಣ ತಿಂದರೆಂದು ನಾನು ಹೇಳಲಾರೆ, ತಿನ್ನಲಿಲ್ಲವೆಂದೂ ಹೇಳಲಾರೆ. ಹೀಗಾದದ್ದರಲ್ಲಿ ನನ್ನ ಸಂಕೋಚಕ್ಕೂ ಪಾಲಿದೆ.

ನಮ್ಮ ಹಿರಿಯರಿಗೆ ಈ ಸಂಕೋಚವಿರಲಿಲ್ಲ. ಕನ್ನಡನಾಡಿನ ದಾನಶಾಸನಗಳನ್ನು ನೋಡಿರಿ. ಕೊಟ್ಟವರು ಯಾರು, ಕೊಟ್ಟದ್ದು ಯಾವ ಭೂಮಿ, ಅದರ ಎಲ್ಲೆಗಳಾವುವು, ಉತ್ಪತ್ತಿ ಸಲ್ಲಬೇಕಾದದ್ದು ನಂದಾದೀಪಕ್ಕೋ, ಅನ್ನಸತ್ರಕ್ಕೋ, ಕೆರೆಯ ದುರಸ್ತಿಗೋ ಎಂಬುದನ್ನು ಕಲ್ಲಿನಲ್ಲಿ ಕೊರೆಸಿದರು. ಅನೇಕ ಶಾಸನಗಳಲ್ಲಿ ಸಾಕ್ಷಿಗಳ ಹೆಸರೂ ಬರೆದ ಸೇನಬೋವನ ಹೆಸರೂ ಉಂಟು. ಕೊನೆಗೆ, ದತ್ತಿಯನ್ನು ಅಳಿದವನಿಗೆ ಶಾಪ. ಹಲ್ಮಿಡಿ ಶಾಸನದಷ್ಟು ಹಿಂದೆಯೇ ಇಂಥ ಶಾಪ ಕಾಣುತ್ತದೆ. ಕೊಟ್ಟವನೇ ಹಿಂದಕ್ಕೆ ಕಿತ್ತುಕೊಂಡರೂ ಅದೇ ಪಾಪವೆಂದು ಎಷ್ಟೋ ಶಾಸನಗಳು ಎಚ್ಚರಿಸುತ್ತವೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಮಿಗಿಲೆಂಬ ಅಭಿಪ್ರಾಯವೂ ಅವುಗಳಲ್ಲಿದೆ. ಊರವರ ಕಣ್ಣೆದುರಿಗೆ ನಿಂತ ಆ ಕಲ್ಲು ಬಹಿರಂಗವಾದ ಲೆಕ್ಕಪತ್ರವಲ್ಲದೆ ಮತ್ತೇನು?

ಇಂದು ಶಾಪದ ಸ್ಥಾನದಲ್ಲಿ ಕಾಯಿದೆ ಇದೆ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಾಯಿತ ಸಂಘವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ತಪಾಸಣೆಯಾದ ಲೆಕ್ಕವನ್ನು ನೋಂದಣಾಧಿಕಾರಿಗೆ ಒಪ್ಪಿಸಬೇಕು. ಆದಾಯ ತೆರಿಗೆಯಲ್ಲಿ ರಿಯಾಯಿತಿ ದೊರೆಯುವ ನಗದು ದಾನದ ಮಿತಿಯನ್ನು 2017ರಲ್ಲಿ 10,000 ರೂಪಾಯಿಗಳಿಂದ 2,000ಕ್ಕೆ ಇಳಿಸಲಾಯಿತು. ಕೈಯಿಂದ ಕೈಗೆ ದಾಟಿದ ನೋಟಿಗೆ ಜಾಡಿಲ್ಲ. ಬ್ಯಾಂಕಿನ ಮೂಲಕ ಹೋದ ಹಣಕ್ಕೆ ಜಾಡುಂಟು.

ಆದುದರಿಂದ ನಿಮ್ಮ ಬಾಗಿಲಿಗೆ ಯಾರಾದರೂ ಚಂದಾ ಕೇಳಲು ಬಂದಾಗ ಮೂರು ಮಾತು ಕೇಳಿರಿ: ಸಂಘ ನೋಂದಣಿಯಾಗಿದೆಯೆ? ರಶೀದಿ ಕೊಡುವಿರಾ? ಕಳೆದ ವರ್ಷದ ಲೆಕ್ಕ ತೋರಿಸುವಿರಾ? ಪ್ರಾಮಾಣಿಕರು ಇದರಿಂದ ನೊಂದುಕೊಳ್ಳುವುದಿಲ್ಲ. ಯಾರೂ ಕೇಳದಿದ್ದಾಗಲೇ ಅವರಿಗೆ ನಷ್ಟ. ಪ್ರಾಮಾಣಿಕನೂ ಮೋಸಗಾರನೂ ಒಂದೇ ಬಣ್ಣದಲ್ಲಿ ಕಾಣುತ್ತಾರೆ.

ಆದರೆ ಕೇಳುವುದಕ್ಕೂ ಒಂದು ಧರ್ಮವಿದೆ. ಕಚೇರಿಗೆಂದು ಒಂದು ಕಾಸೂ ಖರ್ಚಾಗಕೂಡದೆಂದು ಹಟ ಹಿಡಿಯುವುದು ಸರಿಯಲ್ಲ. ಲೆಕ್ಕ ಬರೆಯುವ ಗುಮಾಸ್ತನಿಗೂ ಸಾಮಾನು ಸಾಗಿಸುವ ಲಾರಿಗೂ ಹಣ ಬೇಕು. ಅದು ಎಷ್ಟೆಂದು ತಿಳಿಸಿದರೆ ಸಾಕು. ಇನ್ನೊಂದು, ಲೆಕ್ಕ ಕೇಳಬೇಕಾದದ್ದು ಹಣ ಹೊತ್ತು ಹೋದವರನ್ನು, ಪಡೆದ ಬಡವನನ್ನಲ್ಲ. ಅಕ್ಕಿಯ ಚೀಲ ಹಿಡಿದು ತಲೆ ತಗ್ಗಿಸಿ ನಿಂತ ಹೆಂಗಸಿನ ಭಾವಚಿತ್ರ ಲೆಕ್ಕವಾಗಲಾರದು. ಆಕೆಯ ಮಾನವನ್ನು ಒತ್ತೆಯಿಟ್ಟು ನಮ್ಮ ಸಂಶಯವನ್ನು ತೀರಿಸಿಕೊಂಡಂತಾಗುತ್ತದೆ, ಅಷ್ಟೆ.

ಮರುವರ್ಷ, 2019ರಲ್ಲಿ, ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಮತ್ತೆ ಡಬ್ಬಿ ಹಿಡಿದೆವು. ಈ ಸಲ ಒಂದು ನೋಟುಪುಸ್ತಕವನ್ನೂ ಇಟ್ಟೆವು. ಬಂದದ್ದು ಒಂದು ಪುಟದಲ್ಲಿ, ಹೋದದ್ದು ಎದುರು ಪುಟದಲ್ಲಿ; ರಶೀದಿಗಳನ್ನು ಅಲ್ಲೇ ಅಂಟಿಸಿದೆವು. ಬರೆಯುವ ಕೆಲಸವನ್ನು ಪ್ರಶ್ನೆ ಕೇಳಿದ್ದ ಆ ಹುಡುಗನಿಗೇ ವಹಿಸಿದೆ. ಕೂಡಿದ ಮೊತ್ತ ದೊಡ್ಡದೇನಲ್ಲ. ಆದರೆ ಅದು ಎಲ್ಲಿಗೆ ಹೋಯಿತೆಂದು ಯಾವ ಮಗು ಕೇಳಿದರೂ ಉತ್ತರ ಆ ಪುಸ್ತಕದಲ್ಲಿತ್ತು.