ನೋಟಿಸ್‌ನಲ್ಲಿರೋ ‘ವೆಸ್ಟ್’ ಅಂದ್ರೆ ಏನು?

ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ: ‘ವೆಸ್ಟ್’. ಅಂಗಡೀಲಿ ಕೇಳಿದ್ರೆ ಬನಿಯನ್ ಕೊಡ್ತಾರೆ. ಆದ್ರೆ ಕಾನೂನಿನಲ್ಲಿ ಇದು ಕ್ರಿಯಾಪದ. ಕನ್ನಡದ ಕಾಯ್ದೆಗಳಲ್ಲಿ ‘ನಿಹಿತವಾಗುವುದು’ ಅಂತ ಬರೀತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಜಮೀನಿರೋರು ಇದನ್ನ ತಿಳ್ಕೊಂಡಿರಲೇಬೇಕು.

ಜಮೀನು ಮಾರೋದಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಕ್ರಯಪತ್ರಕ್ಕೆ ಸಹಿ ಹಾಕ್ತೀವಿ. ‘ವೆಸ್ಟ್’ ಆಗೋಕೆ ನಿಮ್ಮ ಸಹಿ ಬೇಕಿಲ್ಲ. ಕಾನೂನೇ ಮಾಲೀಕತ್ವವನ್ನ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿಬಿಡುತ್ತೆ.

ಇದರಿಂದ ರೈತರಿಗೆ ಒಳ್ಳೇದೂ ಆಗಿದೆ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ‘ವೆಸ್ಟ್’ ಆದವು. ಫಾರಂ 7 ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಗೆದ್ದ ಗೇಣಿದಾರರು ಉಳುತ್ತಿದ್ದ ಹೊಲಕ್ಕೆ ತಾವೇ ಹಕ್ಕುದಾರರಾದ್ರು.

ಈಗ ಅದೇ ಪದ ರೈತರ ಜಮೀನಿನ ಮೇಲೇ ಬರ್ತಿದೆ. ಕೆಐಎಡಿಬಿ ಭೂಸ್ವಾಧೀನ ನಡೆಯೋದು 1966ರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ. 28(1) ಪ್ರಾಥಮಿಕ ಅಧಿಸೂಚನೆ. ಇದು ಸರ್ಕಾರಕ್ಕೆ ಜಮೀನು ತಗೊಳ್ಳೋ ಉದ್ದೇಶ ಇದೆ ಅಂತ ಹೇಳುತ್ತೆ, ಅಷ್ಟೆ. 28(2)ರ ನೋಟಿಸ್ ನಿಮಗೆ ಜಾರಿಯಾದ ಮೇಲೆ ಆಕ್ಷೇಪಣೆ ಹೇಳೋಕೆ 30 ದಿನ ಇರುತ್ತೆ. 28(3)ರಲ್ಲಿ ವಿಚಾರಣೆ. 28(4) ಅಂತಿಮ ಘೋಷಣೆ. ಅದು ರಾಜ್ಯಪತ್ರದಲ್ಲಿ ಪ್ರಕಟವಾದ್ರೆ, 28(5)ರ ಪ್ರಕಾರ ಜಮೀನು ಸರ್ಕಾರಕ್ಕೆ ‘ವೆಸ್ಟ್’. ಹೊಲದಲ್ಲಿ ನಿಮ್ಮ ರಾಗಿ ಇನ್ನೂ ನಿಂತಿರಬಹುದು. ಪರಿಹಾರ ಕೇಳೋ ಹಕ್ಕೂ ಇರುತ್ತೆ. ಆದ್ರೆ ಮಾಲೀಕತ್ವ ಇರಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡೋದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಇಷ್ಟಪಟ್ಟು ಕೊಡೋರಿಂದ ತಗೊಳ್ತೀವಿ ಅಂತಾನೂ ಹೇಳಿದರು. ಗಮನಿಸಿ: ಇಷ್ಟಪಟ್ಟು ಕೊಡೋದು ಬೇರೆ, ‘ವೆಸ್ಟ್’ ಆಗೋದು ಬೇರೆ. ಮೊದಲನೆಯದಕ್ಕೆ ನಿಮ್ಮ ಒಪ್ಪಿಗೆ ಬೇಕು. ಎರಡನೆಯದಕ್ಕೆ ಬೇಡ.

ಹಾಗಾಗಿ ಮನೆಗೆ ನೋಟಿಸ್ ಬಂದ್ರೆ ಗಾಬರಿ ಆಗ್ಬೇಡಿ, ಬೀರುವಿನಲ್ಲಿ ಇಟ್ಟು ಮರೀಲೂಬೇಡಿ. ಮೊದಲು ಆವರಣದೊಳಗಿನ ಅಂಕಿ ನೋಡಿ. 1 ಅಥವಾ 2 ಇದ್ರೆ ಮಾತಾಡೋಕೆ ಇನ್ನೂ ಸಮಯ ಇದೆ. ಬಂದ ತಾರೀಖು ಬರೆದಿಟ್ಕೊಳ್ಳಿ, ಆಕ್ಷೇಪಣೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೀರಿ. 4 ಇದ್ರೆ ಅವತ್ತೇ ವಕೀಲರನ್ನ ನೋಡಿ.