ಮುಂದೆ ಎರಡು ಕೋಣ, ಹಿಂದೆ ಒಬ್ಬ ಓಟಗಾರ

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರುಗದ್ದೆಯ ಓಟದ ಹಾದಿಯನ್ನು, ಕೋಣಗಳ ಜತೆ 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಕೂತು ತ್ರೈರಾಶಿ ಹಾಕಿದರು: ನೂರು ಮೀಟರಿಗೆ ಸುಮಾರು 9.55 ಸೆಕೆಂಡು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಆಮೇಲಿನದ್ದು ಎಲ್ಲರಿಗೂ ಗೊತ್ತು. ಮೊಬೈಲ್ ತುಂಬ ‘ಭಾರತದ ಬೋಲ್ಟ್’, ಕೇಂದ್ರ ಕ್ರೀಡಾ ಸಚಿವರಿಂದಲೇ ಟ್ರಯಲ್ಸ್‌ಗೆ ಬುಲಾವ್. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ನಮ್ಮ ತ್ರೈರಾಶಿಯ ಪ್ರಕಾರ ಬೋಲ್ಟ್ ಪಾಪ ಮೂರನೇ ಸ್ಥಾನಕ್ಕಿಳಿದ.

ಲೆಕ್ಕದಲ್ಲಿ ತಪ್ಪಿಲ್ಲ, ಹಾಕಿದ ಜಾಗ ಸರಿಯಿಲ್ಲ. ಓಟದ ವೇಗ ಉದ್ದಕ್ಕೂ ಒಂದೇ ಇರುವುದಿಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ ದಾಖಲೆ ಬರೆದ ಓಟವನ್ನು ತುಂಡು ತುಂಡಾಗಿ ಅಳೆದಿದ್ದಾರೆ. ಗುಂಡಿನ ಸದ್ದು ಕಿವಿಗೆ ಬಿದ್ದು ಕಾಲು ಬ್ಲಾಕನ್ನು ಒತ್ತುವಷ್ಟರಲ್ಲೇ 0.146 ಸೆಕೆಂಡು ಕಳೆದಿತ್ತು. ಅದೂ ಸೇರಿ ಮೊದಲ ಹತ್ತು ಮೀಟರಿಗೆ 1.89 ಸೆಕೆಂಡು ಬೇಕಾಯಿತು. ಅರವತ್ತರಿಂದ ಎಂಬತ್ತನೇ ಮೀಟರಿನವರೆಗಿನ ಇಪ್ಪತ್ತು ಮೀಟರಿಗೆ ಮಾತ್ರ 1.61 ಸೆಕೆಂಡು, ಅಂದರೆ ಗಂಟೆಗೆ 44 ಕಿಲೋಮೀಟರಿಗೂ ಮಿಕ್ಕಿದ ವೇಗ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಬೋಲ್ಟ್ ಕೂಡ ತುಸು ನಿಧಾನವಾದ.

ನಿಂತಲ್ಲಿಂದ ವೇಗಕ್ಕೆ ಏರಲು ತಗಲುವ ಈ ಖರ್ಚು ದೂರ ಹೆಚ್ಚಿದಷ್ಟೂ ಹಂಚಿಹೋಗುತ್ತದೆ. ಹಾಗಾಗಿ 142 ಮೀಟರಿನ ಸರಾಸರಿಯನ್ನು ನೂರು ಮೀಟರಿನ ಸರಾಸರಿಗೆ ಹೋಲಿಸಿದರೆ ಉದ್ದದ ಓಟಕ್ಕೇ ಲಾಭ. ಹೋಲಿಸಲೇಬೇಕೆಂದರೆ ಬೇರೊಂದು ಓಟವಿದೆ. ಬರ್ಲಿನ್‌ಗಿಂತ ಮೂರು ತಿಂಗಳ ಮೊದಲು, ಮೇ 17ರಂದು, ಮ್ಯಾಂಚೆಸ್ಟರಿನ ರಸ್ತೆಯೊಂದರಲ್ಲಿ ಟ್ರ್ಯಾಕ್ ಹಾಸಿ 150 ಮೀಟರಿನ ನೇರ ಓಟ ಏರ್ಪಡಿಸಿದ್ದರು. ಬೋಲ್ಟ್‌ಗೆ ಹಿಡಿದದ್ದು 14.35 ಸೆಕೆಂಡು, ಅದರಲ್ಲಿ ಕೊನೆಯ ನೂರು ಮೀಟರಿಗೆ ಬರೀ 8.70. ಅಲ್ಲಿನ ಸರಾಸರಿ ಸೆಕೆಂಡಿಗೆ 10.45 ಮೀಟರ್, ಐಕಳದ್ದು 10.46. ನಮ್ಮ ತ್ರೈರಾಶಿಯನ್ನು ಅಲ್ಲಿಗೂ ಹಾಕಿದರೆ ನೂರು ಮೀಟರಿಗೆ 9.57 ಬರುತ್ತದೆ. ಬೋಲ್ಟ್ ತಾನು ಇನ್ನೂ ಬರೆಯದ ದಾಖಲೆಯನ್ನೇ ಮುರಿದುಬಿಟ್ಟಿದ್ದ!

ಅಂಕಿಗಳು ಹೀಗೆ ಸರಿಸಮ ಬಂದಾಗ ಕೇಳಬೇಕಾದದ್ದು, ಆ ವೇಗ ಹುಟ್ಟಿದ್ದು ಎಲ್ಲಿ ಎಂದು.

ವೇಗದ ಓಟಗಾರ ಕಾಲನ್ನು ಬೇರೆಯವರಿಗಿಂತ ಚುರುಕಾಗಿ ಬೀಸುತ್ತಾನೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಸಂಶೋಧಕ ಪೀಟರ್ ವೇಯಂಡ್ ಮತ್ತು ಸಂಗಡಿಗರು ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದು 2000ನೇ ಇಸವಿಯಲ್ಲಿ ಪ್ರಕಟಿಸಿದ ಫಲಿತಾಂಶ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಹಿಂದೆ ಹೋದ ಕಾಲನ್ನು ಮುಂದಕ್ಕೆ ತರಲು ಸಾಧಾರಣ ಓಟಗಾರನಿಗೂ ಶರವೇಗದವನಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ವ್ಯತ್ಯಾಸ ಇರುವುದು ಪಾದ ನೆಲಕ್ಕೆ ತಗಲಿದ ಕ್ಷಣದಲ್ಲಿ, ಅದು ನೆಲವನ್ನು ಎಷ್ಟು ಬಲವಾಗಿ ಒತ್ತುತ್ತದೆ ಎಂಬುದರಲ್ಲಿ.

ಇದನ್ನು ಕೊಂಚ ಹತ್ತಿರದಿಂದ ನೋಡೋಣ. ಬೋಲ್ಟ್ ಮಟ್ಟದ ಓಟಗಾರ ತುತ್ತತುದಿಯ ವೇಗದಲ್ಲಿದ್ದಾಗ ಒಂದು ಹೆಜ್ಜೆಗೆ ಸುಮಾರು 0.22 ಸೆಕೆಂಡು. ಅದರಲ್ಲಿ ಪಾದ ನೆಲದ ಮೇಲಿರುವುದು ಹೆಚ್ಚೆಂದರೆ 0.09 ಸೆಕೆಂಡು, ಉಳಿದ ಹೊತ್ತೆಲ್ಲ ಮೈ ಗಾಳಿಯಲ್ಲಿ. ಆದರೆ ಭೂಮಿಯ ಸೆಳೆತ ಪೂರ್ತಿ 0.22 ಸೆಕೆಂಡೂ ಮೈಯನ್ನು ಕೆಳಗೆಳೆಯುತ್ತಲೇ ಇರುತ್ತದೆ. ಆ ಸಾಲವನ್ನೆಲ್ಲ ನೆಲ ಸಿಕ್ಕ 0.09 ಸೆಕೆಂಡಿನಲ್ಲೇ ತೀರಿಸಬೇಕು. ಭಾಗಿಸಿ ನೋಡಿ: ಒಂದೇ ಕಾಲಿನ ಮೇಲೆ, ಸರಾಸರಿಯಲ್ಲೇ, ಮೈತೂಕದ ಎರಡೂವರೆ ಪಟ್ಟಿನ ಹತ್ತಿರದ ಬಲ. ವೇಗ ಏರಿದಂತೆ ನೆಲದ ಮೇಲಿನ ಹೊತ್ತು ಇನ್ನೂ ಕುಗ್ಗುತ್ತದೆ. ಸಿಕ್ಕ ಹೊತ್ತಿನಲ್ಲಿ ಬೇಕಾದಷ್ಟು ಒತ್ತಲಾಗದ ಘಟ್ಟ ಬಂತೆಂದರೆ ಅದೇ ಆ ಓಟಗಾರನ ಗರಿಷ್ಠ ವೇಗ. ಆದ್ದರಿಂದಲೇ ಸ್ಪ್ರಿಂಟರ್‌ಗಳು ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಾರೆ, ಮುಂಗಾಲಿನಲ್ಲಿ ಓಡುತ್ತಾರೆ, ಪಾದದ ಗಂಟನ್ನು ಬಿಗಿಯಾಗಿ ಇಟ್ಟುಕೊಂಡು ಮೀನಖಂಡದ ಸ್ನಾಯುರಜ್ಜು ಸ್ಪ್ರಿಂಗಿನಂತೆ ಹಿಗ್ಗಿ ಮರಳುವ ಹಾಗೆ ನೋಡಿಕೊಳ್ಳುತ್ತಾರೆ.

ಇನ್ನು ಕರೆಗೆ ಇಳಿಯೋಣ. ಕೆಸರಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಕಲ್ಲುನೆಲದಲ್ಲಿ ಪುಟಿಯುವ ಚೆಂಡು ಅಲ್ಲಿ ಪುಟಿಯದ ಹಾಗೆ. ಪಾದ ಒತ್ತಲು ಹಾಕಿದ ಶಕ್ತಿಯ ಒಂದು ಪಾಲನ್ನು ನೆಲವೇ ನುಂಗುತ್ತದೆ. ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಖರ್ಚಾಗುತ್ತದೆಂದು ಅಳೆದಿದ್ದಾರೆ. ನೀರು ತುಂಬಿದ ಗದ್ದೆಯೂ ದಾಕ್ಷಿಣ್ಯ ತೋರಿಸುವ ನೆಲವಲ್ಲ. ಹಾಗಿದ್ದೂ ಸೆಕೆಂಡಿಗೆ ಹತ್ತು ಮೀಟರ್ ದಾಟುವುದೆಂದರೆ ಉಳಿದದ್ದನ್ನು ಬೇರೆಯವರು ಭರಿಸುತ್ತಿದ್ದಾರೆ ಎಂದಾಯಿತು. ಕೈಯಲ್ಲಿ ಹಿಡಿದದ್ದು ಹಗ್ಗವೋ ನೇಗಿಲೋ, ಅದರ ಆ ತುದಿಯಲ್ಲಿ ಹುರುಳಿ ತಿಂದು ಬೆಳೆದ ಎರಡು ಕೋಣಗಳಿವೆ. ಎಮ್ಮೆ ಜಾತಿಯ ಗೊರಸು ಅಗಲ, ಕಾಲಿನ ಕೀಲು ಸಡಿಲ. ಜೌಗುನೆಲಕ್ಕೆಂದೇ ಬಂದ ಪ್ರಾಣಿ. ಅದಕ್ಕೆ ಕಷ್ಟ ಕೆಸರಲ್ಲ, ಬಿಸಿಲು. ಕಪ್ಪು ಚರ್ಮ ಶಾಖ ಹೀರುತ್ತದೆ, ಬೆವರುಗ್ರಂಥಿಗಳು ದನಕ್ಕಿಂತ ಕಡಿಮೆ. ಓಟ ಮುಗಿಸಿದ ಕೋಣದ ಮೈಮೇಲೆ ಕೊಡಗಟ್ಟಲೆ ನೀರು ಸುರಿಯುವುದು ಬರೀ ಪ್ರೀತಿಗಲ್ಲ.

ಹಾಗೆಂದು ಹಿಂದಿರುವವನು ಸುಮ್ಮನೆ ಎಳೆಸಿಕೊಂಡು ಹೋಗುತ್ತಾನೆ ಎನ್ನುವವರು ಒಮ್ಮೆ ಹಗ್ಗ ಹಿಡಿದು ನೋಡಬೇಕು. ಟ್ರ್ಯಾಕ್ ಕೋಚ್‌ಗಳೂ ಓಟಗಾರನ ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಟಿ ಮುಂದಕ್ಕೆ ಎಳೆಸುವುದುಂಟು. ಆಗ ಹೆಜ್ಜೆ ಉದ್ದವಾಗುತ್ತದೆ, ಪಾದ ನೆಲಕ್ಕೆ ತಗಲುವ ಹೊತ್ತು ಇನ್ನೂ ಕಡಿಮೆಯಾಗುತ್ತದೆ, ವೇಗ ಸ್ವಂತ ಮಿತಿಯನ್ನು ಮೀರುತ್ತದೆ. ಎಳೆತ ಮುಂದಕ್ಕೆ ಒಯ್ಯುತ್ತದೆಯೇ ಹೊರತು ಬೀಳದಂತೆ ಹಿಡಿಯುವುದಿಲ್ಲ; ಕಾಲು ತಡವಾದರೆ ಮೂತಿ ಕೆಸರಿಗೆ.

ಈ ಗದ್ದಲದಲ್ಲೆಲ್ಲ ಸರಿಯಾಗಿ ಮಾತಾಡಿದ್ದು ಗೌಡರೊಬ್ಬರೇ. ಗೆಲುವಿನಲ್ಲಿ ಕೋಣಗಳಿಗೂ ಪಾಲಿದೆ ಎಂದರು, ಟ್ರಯಲ್ಸ್‌ಗೆ ಒಲ್ಲೆನೆಂದರು. ಟ್ರ್ಯಾಕಿನವರು ಓಡುವುದು ಕಾಲ್ಬೆರಳ ಮೇಲೆ, ತಾವು ಹಿಮ್ಮಡಿಯ ಮೇಲೆ ಎಂದೂ ಹೇಳಿದರು. ನನಗೆ ಇದು ಇಡೀ ಪ್ರಕರಣದ ಅತ್ಯುತ್ತಮ ವೈಜ್ಞಾನಿಕ ಹೇಳಿಕೆಯಾಗಿ ಕಂಡಿತು. ಕೈಯಲ್ಲಿ ಎಳೆತ ಇರುವವನು ಮೈಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿ ಊರಿ ತಡೆ ಕೊಡಲೇಬೇಕು. ಬೋಲ್ಟ್‌ಗೆ ಮುಂದಕ್ಕೆ ಹೋಗುವುದು ಕೆಲಸವಾದರೆ, ಇವರ ಕೆಲಸದ ಅರ್ಧ ಹಿಂದೆ ಉಳಿಯುವುದು.

ಕಂಬಳದ ಸಮಿತಿಗಳಿಗೆ ನನ್ನದೊಂದು ಅರ್ಜಿ. ಗೆಲುವು ಸೋಲು ನಿರ್ಧರಿಸಲು ಹೇಗೂ ಲೇಸರ್ ಬೀಮ್ ಬಂದಿದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗಿರುವಂಥ ಒಂದು ಪುಟ್ಟ ಲೋಡ್‌ಸೆಲ್ಲನ್ನು ನೊಗಕ್ಕೂ ಹಗ್ಗಕ್ಕೂ ನಡುವೆ ಕಟ್ಟಿ, ಕರೆಯ ಬದಿಯಲ್ಲಿ ಹೈಸ್ಪೀಡ್ ಕ್ಯಾಮೆರಾ ಒಂದನ್ನಿಟ್ಟರೆ ಕೋಣ ಎಷ್ಟು ಕಿಲೋ ಎಳೆಯಿತು, ಓಟಗಾರನ ಪಾದ ಎಷ್ಟು ಹೊತ್ತು ಕೆಸರಿನಲ್ಲಿತ್ತು ಎಂಬ ಲೆಕ್ಕ ಒಂದೇ ರಾತ್ರಿಯ ಕಂಬಳದಲ್ಲಿ ಕೈಗೆ ಸಿಗುತ್ತದೆ. ಖರ್ಚೇನೂ ದೊಡ್ಡದಲ್ಲ, ಕೋಣಗಳ ಒಂದು ತಿಂಗಳ ಹುರುಳಿಯ ಬಿಲ್ ನೋಡಿದವರು ಇದಕ್ಕೆ ಹುಬ್ಬೇರಿಸಲಾರರು.