ತಮಕಶ್ವಾಸ: ‘ಯಾಪ್ಯ’ವೆಂಬ ಮಾತಿನ ಅರ್ಥ

ಕನ್ನಡದಲ್ಲಿ ಗೂರಲು, ಉಬ್ಬಸ, ದಮ್ಮು ಎಂದು ಮೊದಲಾಗಿ ಕರೆಯಲ್ಪಡುವ ವ್ಯಾಧಿಯನ್ನು ಆಯುರ್ವೇದ ಗ್ರಂಥಗಳು ತಮಕಶ್ವಾಸವೆಂಬ ಹೆಸರಿನಿಂದ ವರ್ಣಿಸಿವೆ. ಇದನ್ನು ಬೇರುಸಹಿತ ಕಿತ್ತುಹಾಕುವೆವೆಂದು ಆಯುರ್ವೇದದ ಹೆಸರಿನಲ್ಲಿ ಸಾರುವವರು ನಮ್ಮ ನಗರಗಳಲ್ಲಿ ಬಹಳ ಮಂದಿ ಇದ್ದಾರೆ. ಶಾಸ್ತ್ರವು ನಿಜವಾಗಿ ಹಾಗೆ ಹೇಳಿದೆಯೆ ಎಂಬುದನ್ನು ಮೊದಲು ವಿಚಾರಿಸಬೇಕು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆಗೂ ಶ್ವಾಸರೋಗಗಳಿಗೂ ಮೀಸಲಾಗಿದೆ. ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಶ್ವಾಸವು ಐದು ಬಗೆ. ಇವುಗಳಲ್ಲಿ ತಮಕದ ವರ್ಣನೆಯು ಅತ್ಯಂತ ಸ್ಪಷ್ಟವಾದುದು. ವಾಯುವು ತನ್ನ ಸಹಜಮಾರ್ಗವನ್ನು ಬಿಟ್ಟು ಪ್ರತಿಲೋಮವಾಗಿ ಸ್ರೋತಸ್ಸುಗಳನ್ನು ಹೊಕ್ಕು ಕಫವನ್ನು ಕೆರಳಿಸುತ್ತದೆ. ಆ ಕಫವೇ ಮತ್ತೆ ವಾಯುವಿಗೆ ತಡೆಯಾಗಿ ಎದೆಯಲ್ಲಿ ಗೊರಗೊರ ಶಬ್ದವುಂಟಾಗುತ್ತದೆ. ಮಲಗಿದರೆ ರೋಗಿಯ ಉಸಿರು ಕಟ್ಟುತ್ತದೆ. ಎದ್ದು ಕುಳಿತರೆ ತುಸು ನೆಮ್ಮದಿ. ಕಫವು ಹೊರಬಿದ್ದೊಡನೆ ಕ್ಷಣಕಾಲ ಸುಖವೆನಿಸುತ್ತದೆ. ಮೋಡ, ಮಳೆ, ಚಳಿ, ಮೂಡಣಗಾಳಿ ಇವುಗಳಿಂದ ಬಾಧೆ ಹೆಚ್ಚುತ್ತದೆ. ಧೂಳು ಮತ್ತು ಹೊಗೆಗಳನ್ನು ಶ್ವಾಸರೋಗದ ಕಾರಣಗಳಲ್ಲಿ ಎಣಿಸಿರುವುದು ಇಂದಿನ ನಗರವಾಸಿಗೆ ಸುಲಭವಾಗಿ ಅರ್ಥವಾಗುವ ಮಾತು.

ಆಧುನಿಕ ವೈದ್ಯವು ಇದನ್ನು ಶ್ವಾಸನಾಳಗಳ ದೀರ್ಘಕಾಲಿಕ ಉರಿಯೂತವೆಂದು ತಿಳಿಯುತ್ತದೆ. ನಾಳಗಳ ಒಳಪೊರೆ ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ಲೋಳೆಯು ತುಂಬಿ ಉಸಿರಿನ ದಾರಿ ಕಿರಿದಾಗುತ್ತದೆ. ವಾತಕಫಗಳ ವಿವರಣೆಯೂ ಇದೂ ಒಂದೇ ಎಂದು ಹೇಳಲಾಗದು. ಆದರೆ ಎರಡೂ ವರ್ಣಿಸುವ ರೋಗಿಯು ಒಬ್ಬನೇ.

ಇನ್ನು ಮುಖ್ಯವಾದ ಮಾತು. ಹೊಸದಾಗಿ ಹುಟ್ಟಿದ ತಮಕಶ್ವಾಸವು ಸಾಧ್ಯವಾಗಬಹುದು, ಇಲ್ಲವಾದರೆ ಅದು ಯಾಪ್ಯ ಎಂಬುದು ಚರಕನ ನಿರ್ಣಯ. ಯಾಪ್ಯವೆಂದರೆ ಗುಣವಾಗದಿದ್ದರೂ ಚಿಕಿತ್ಸೆಯಿಂದ ಹತೋಟಿಯಲ್ಲಿರತಕ್ಕದ್ದು. ಬೀಳಲಿರುವ ಮನೆಯನ್ನು ಸರಿಯಾಗಿ ನಿಲ್ಲಿಸಿದ ಊರೆಗಂಬವು ಹಿಡಿದಿಡುವಂತೆ ಚಿಕಿತ್ಸೆಯು ಯಾಪ್ಯರೋಗಿಯನ್ನು ಹಿಡಿದಿಡುತ್ತದೆಂದು ಸುಶ್ರುತಸಂಹಿತೆಯು ಹೋಲಿಸುತ್ತದೆ. ಕಂಬವನ್ನು ತೆಗೆದರೆ ಮನೆ ಉಳಿಯದು. ಭಾರತದ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯೂ ಗುಣಪಡಿಸುವೆವೆಂದು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಲ್ಲಿ ಅಸ್ತಮವನ್ನು ಸೇರಿಸಿದೆ. ಶಾಸ್ತ್ರವೂ ಕಾನೂನೂ ಇಲ್ಲಿ ಒಂದೇ ಕಡೆಗಿವೆ.

ಚಿಕಿತ್ಸೆಯಲ್ಲಿ ಮೊದಲನೆಯದು ನಿದಾನಪರಿವರ್ಜನ, ಎಂದರೆ ರೋಗಕಾರಣಗಳನ್ನು ದೂರವಿಡುವುದು. ಎದೆಗೆ ಉಪ್ಪು ಬೆರಸಿದ ಎಣ್ಣೆಯನ್ನು ಸವರಿ ಬೆವರಿಸುವುದು, ಕಫವು ಕರಗಿದ ಮೇಲೆ ಬಲಶಾಲಿಗೆ ಮಾತ್ರ ವಮನ, ಬಳಿಕ ಶಮನೌಷಧಗಳು ಎಂಬ ಕ್ರಮವಿದೆ. ಬಿಸಿನೀರು, ಹಗುರವಾದ ಬೆಚ್ಚಗಿನ ಆಹಾರಗಳು ಪಥ್ಯ. ದುರ್ಬಲರಿಗೆ ಶೋಧನಕ್ಕಿಂತ ಪುಷ್ಟಿಕರವಾದ ಉಪಚಾರವೇ ಲೇಸೆಂದು ಗ್ರಂಥವೇ ಎಚ್ಚರಿಸುವುದರಿಂದ, ವಮನವನ್ನು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ.

ಮೂಲಿಕೆಗಳಲ್ಲಿ ಆಡುಸೋಗೆ, ನೆಲಗುಳ್ಳ, ಪುಷ್ಕರಮೂಲ, ತುಲಸಿ ಪ್ರಸಿದ್ಧವಾದುವು. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವದ ಆಧಾರದಿಂದಲೇ ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಔಷಧವು ಸಿದ್ಧವಾಯಿತು. ದತ್ತೂರಿಯ ಹೊಗೆಯನ್ನು ಸೇದುವ ಪದ್ಧತಿಯು 19ನೆಯ ಶತಮಾನದ ಆರಂಭದಲ್ಲಿ ಮದರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಅದರಲ್ಲಿರುವ ಆಟ್ರೊಪಿನ್‌ನಿಂದ ಹುಟ್ಟಿದ ಇಪ್ರಾಟ್ರೋಪಿಯಮ್ ಇಂದಿಗೂ ಇನ್‌ಹೇಲರುಗಳಲ್ಲಿ ಬಳಕೆಯಲ್ಲಿದೆ. ಆದರೆ ದತ್ತೂರಿಯು ವಿಷ; ಯಾವ ಹೊಗೆಯೂ ಗೂರಲಿನವರಿಗೆ ಹಿತವಲ್ಲ. ಹಾಗೆಯೇ ಶ್ವಾಸಕುಠಾರರಸದಲ್ಲಿ ಪಾದರಸ, ಮನಶ್ಶಿಲೆ, ವತ್ಸನಾಭಿಗಳಿರುವುದರಿಂದ ಅದನ್ನು ತಾನಾಗಿ ಕೊಂಡು ಸೇವಿಸುವುದು ಅಪಾಯಕರ. ಹೆಸರು ವಿವರಗಳಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆಯಾಗಿರುವುದೂ ಕಂಡುಬಂದಿದೆ.

ಉರಿಯೂತವನ್ನು ತಗ್ಗಿಸುವ ಇನ್‌ಹೇಲರನ್ನು ನಿತ್ಯವೂ ತೆಗೆದುಕೊಳ್ಳುವುದೇ ಇಂದು ಊರೆಗಂಬವಾಗಿದೆ. ಮೂಲಿಕೆಯನ್ನು ನಂಬಿ ಅದನ್ನು ಹಠಾತ್ತಾಗಿ ನಿಲ್ಲಿಸಿದವರು ಪ್ರಾಣಾಪಾಯಕ್ಕೆ ಗುರಿಯಾಗಬಹುದು. ಆಯುರ್ವೇದ ಔಷಧವನ್ನು ಸೇವಿಸುವವರು ಎರಡೂ ಕಡೆಯ ವೈದ್ಯರಿಗೆ ಆ ವಿಷಯವನ್ನು ತಿಳಿಸಬೇಕು. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಇನ್‌ಹೇಲರಿನಿಂದಲೂ ಶಮನವಾಗದ ಉಬ್ಬಸ ಇವು ಕಂಡಲ್ಲಿ ಕಷಾಯವನ್ನು ಕಾಸುತ್ತ ಕುಳಿತುಕೊಳ್ಳದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾಪ್ಯವೆಂಬುದು ನಿರಾಶೆಯ ಮಾತಲ್ಲ. ಕಾರಣಗಳನ್ನರಿತು, ಪಥ್ಯವನ್ನು ಪಾಲಿಸಿ, ಚಿಕಿತ್ಸೆಯನ್ನು ಬಿಡದೆ ನಡೆಸುವವನು ದುಡಿಯುತ್ತ, ನಿದ್ರಿಸುತ್ತ, ನೆಮ್ಮದಿಯಿಂದ ಬಾಳಬಲ್ಲನೆಂಬುದೇ ಅದರ ಅಭಿಪ್ರಾಯ. ಪ್ರಾಚೀನರು ಆಡಿದುದು ಇಷ್ಟು. ಅವರ ಹೆಸರಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಆಡುವವರನ್ನು ನಂಬದಿರುವುದು ಕ್ಷೇಮ.